ಇಎಸ್‌ಐ ಸೇವೆಯ ವಿಮರ್ಶೆ: ಕೈಗೆ ಪೆಟ್ಟಾದಾಗ ಸಿಕ್ಕಿದ್ದು, ಕೆಲಸ ಹೋದಾಗ ಸಿಕ್ಕಿದ್ದು

ಹನ್ನೊಂದು ವರ್ಷಗಳಿಂದ ಸಣ್ಣ ಸಂಸ್ಥೆಯೊಂದರಲ್ಲಿ ಸಂಬಳದ ಲೆಕ್ಕ ಬರೆಯುತ್ತಿರುವ ನಾನು ಪ್ರತಿ ತಿಂಗಳೂ ಇಎಸ್‌ಐ (ನೌಕರರ ರಾಜ್ಯ ವಿಮೆ) ವಂತಿಗೆ ಕಟ್ಟುತ್ತೇನೆ. ನೌಕರನ ಸಂಬಳದಿಂದ ಶೇ. 0.75, ಮಾಲೀಕರಿಂದ ಶೇ. 3.25 ಎಂಬ ದರ 2019ರ ಜುಲೈಯಿಂದ ನನಗೆ ಬಾಯಿಪಾಠವಾಗಿದೆ. ಕಟ್ಟಿದ ಹಣ ಕಾರ್ಮಿಕನ ಕೈಗೆ ಮರಳಿ ಬರುವ ದಾರಿ ಹೇಗಿರುತ್ತದೆ ಎಂಬುದನ್ನು ಮಾತ್ರ ನಾನು ಕಂಡದ್ದು 2022ರ ಸೆಪ್ಟೆಂಬರಿನಲ್ಲಿ. ಬೇರೊಂದು ಕಾರ್ಖಾನೆಯಲ್ಲಿ ಕಾಂಟ್ರಾಕ್ಟ್ ಮೇಲೆ ಪವರ್ ಪ್ರೆಸ್ ನಡೆಸುತ್ತಿದ್ದ ನನ್ನ ತಮ್ಮನ ಬಲಗೈ ತೋರುಬೆರಳಿನ ತುದಿಯ ಗೆಣ್ಣು ಆ ತಿಂಗಳು ಯಂತ್ರದ ಅಚ್ಚಿನ (ಡೈ) ಕೆಳಗೆ ಸಿಕ್ಕಿ ತುಂಡಾಗಿ ಹೋಯಿತು. ಒಂಬತ್ತು ತಿಂಗಳ ನಂತರ ಅವನ ಕೆಲಸವೂ ಹೋಯಿತು. ಹೀಗಾಗಿ ಒಂದೇ ವಿಮೆಯ ಎರಡು ಸೌಲಭ್ಯಗಳನ್ನು, ಅಂದರೆ ಕೆಲಸದಲ್ಲಾದ ಗಾಯದ ಪರಿಹಾರವನ್ನೂ ನಿರುದ್ಯೋಗದ ಪರಿಹಾರವನ್ನೂ, ಒಬ್ಬನೇ ಮನುಷ್ಯನ ವಿಷಯದಲ್ಲಿ ಮೊದಲಿನಿಂದ ಕೊನೆಯವರೆಗೆ ನೋಡುವ ಪ್ರಸಂಗ ನನಗೆ ಬಂದಿತು. ಮೊದಲನೆಯದರ ಬಗ್ಗೆ ನನಗೆ ನಿಜವಾದ ಗೌರವ ಹುಟ್ಟಿದೆ. ಎರಡನೆಯದು ಬಹಳ ಬಡಕಲಾಗಿದೆ ಎಂಬುದು ನನ್ನ ಅಭಿಪ್ರಾಯ.

ಇವೆರಡನ್ನೂ ಜನ ಒಂದೇ ಎಂದುಕೊಳ್ಳುತ್ತಾರೆ. ಗಾಯಗೊಂಡು ಮನೆಯಲ್ಲಿ ಕುಳಿತವನು ತಾನು ಈಗ ನಿರುದ್ಯೋಗಿ, ಆದ್ದರಿಂದ ನಿರುದ್ಯೋಗ ಭತ್ಯೆ ಕೇಳಬೇಕು ಎಂದು ಭಾವಿಸುವುದು ಸಹಜವೇ. ಕಾನೂನು ಹಾಗೆ ನೋಡುವುದಿಲ್ಲ. ಕೆಲಸ ಇನ್ನೂ ಇದೆ, ಮಾಡಲು ಮೈ ಬಗ್ಗುತ್ತಿಲ್ಲ ಎಂಬ ಸ್ಥಿತಿಗೆ ಗಾಯದ ಪರಿಹಾರ; ಮೈ ಸರಿಯಾಗಿದ್ದರೂ ಕೆಲಸವೇ ಇಲ್ಲ ಎಂಬ ಸ್ಥಿತಿಗೆ ನಿರುದ್ಯೋಗದ ಪರಿಹಾರ. ಒಂದೇ ದಿನಕ್ಕೆ ಎರಡನ್ನೂ ಪಡೆಯುವಂತಿಲ್ಲ. ಯಾವುದನ್ನು ಮೊದಲು ಕೇಳಬೇಕು, ಯಾವ ಕಾಗದಕ್ಕೆ ಸಹಿ ಹಾಕಬಾರದು ಎಂಬುದು ಈ ವ್ಯತ್ಯಾಸವನ್ನೇ ಅವಲಂಬಿಸಿದೆ.

ಮೊದಲು ಗಾಯದ ಪರಿಹಾರದ ವಿಷಯ. ಕಚೇರಿಗಳಲ್ಲಿ ಎಲ್ಲರೂ ಟಿಡಿಬಿ ಎಂದೇ ಕರೆಯುವ ತಾತ್ಕಾಲಿಕ ಅಂಗವೈಕಲ್ಯ ಭತ್ಯೆಯು ಸರಾಸರಿ ದಿನಗೂಲಿಯ ಶೇ. 90ರಷ್ಟು. ಅಪಘಾತದ ದಿನವನ್ನು ಬಿಟ್ಟು ಕನಿಷ್ಠ ಮೂರು ದಿನ ಕೆಲಸಕ್ಕೆ ಹೋಗಲಾಗದಿದ್ದರೆ ಈ ಹಕ್ಕು ಹುಟ್ಟುತ್ತದೆ, ಮತ್ತು ವೈದ್ಯರು ಗುಣವಾಗಿದೆ ಎಂದು ಬರೆದುಕೊಡುವವರೆಗೂ ಮುಂದುವರಿಯುತ್ತದೆ. ಇಷ್ಟು ದಿನ ವಂತಿಗೆ ಕಟ್ಟಿರಬೇಕೆಂಬ ಷರತ್ತು ಇದಕ್ಕಿಲ್ಲ. ಬೆಳಿಗ್ಗೆ ಕೆಲಸಕ್ಕೆ ಸೇರಿದವನಿಗೆ ಮಧ್ಯಾಹ್ನ ಪೆಟ್ಟಾದರೂ ಅವನಿಗೆ ಪೂರ್ತಿ ಹಕ್ಕಿದೆ. ನಮ್ಮ ದೇಶದ ಕಾರ್ಮಿಕ ಕಾನೂನುಗಳಲ್ಲಿ ಇಷ್ಟು ಉದಾರವಾದ ನಿಯಮ ಇನ್ನೊಂದು ನನ್ನ ಕಣ್ಣಿಗೆ ಬಿದ್ದಿಲ್ಲ. 2010ರ ತಿದ್ದುಪಡಿಯ ನಂತರ, ಮನೆಯಿಂದ ಕೆಲಸಕ್ಕೆ ಹೋಗುವ ಮತ್ತು ಕೆಲಸದಿಂದ ಮರಳುವ ದಾರಿಯಲ್ಲಾದ ಅಪಘಾತವೂ, ಅದಕ್ಕೂ ಕೆಲಸಕ್ಕೂ ಸಂಬಂಧವಿದೆಯೆಂದು ಕಂಡುಬಂದರೆ, ಇದರೊಳಗೆ ಸೇರುತ್ತದೆ.

ಆದರೆ ಈ ಹಕ್ಕಿಗೆ ಒಂದು ಬೀಗವಿದೆ, ಬೀಗದ ಕೈ ಇರುವುದು ಕಾರ್ಖಾನೆಯವರ ಬಳಿ. ಅಪಘಾತವನ್ನು ಅಪಘಾತದ ಪುಸ್ತಕದಲ್ಲಿ ದಾಖಲಿಸಿ, ವರದಿಯನ್ನು ಇಎಸ್‌ಐ ಶಾಖಾ ಕಚೇರಿಗೆ ಕಳುಹಿಸಬೇಕಾದವರು ಅವರು. ತಮ್ಮನ ಕೈಗೆ ಬಟ್ಟೆ ಸುತ್ತಿ ಆಸ್ಪತ್ರೆಗೆ ಕರೆದೊಯ್ಯುವ ದಾರಿಯಲ್ಲೇ ಸೂಪರ್‌ವೈಸರ್ ಅವನಿಗೆ ಹೇಳಿದ ಮಾತು ಇದು: "ಖರ್ಚೆಲ್ಲ ಕಂಪನಿ ನೋಡ್ಕೊಳ್ಳುತ್ತೆ, ಸುಮ್ನೆ ರಿಪೋರ್ಟು ಗಿಪೋರ್ಟು ಅಂತ ಯಾಕೆ? ಮನೇಲಿ ಬಾಗಿಲಿಗೆ ಸಿಕ್ಕಿತು ಅನ್ನು." ಆಗ ಅವನಿಗಿದ್ದ ನೋವಿನಲ್ಲಿ ಯಾವ ಮಾತಿಗಾದರೂ ಹೂಂ ಎನ್ನುತ್ತಿದ್ದ. ಪುಣ್ಯಕ್ಕೆ, ವೈದ್ಯರು ಹೇಗಾಯಿತು ಎಂದು ಕೇಳಿದಾಗ ಜೊತೆಗಿದ್ದ ಹೆಲ್ಪರ್ ಹುಡುಗ ಇದ್ದದ್ದನ್ನು ಇದ್ದಂತೆ ಹೇಳಿಬಿಟ್ಟ. ಆಸ್ಪತ್ರೆಯ ಮೊದಲ ಚೀಟಿಯಲ್ಲಿ 'ಪ್ರೆಸ್ ಯಂತ್ರದಿಂದ ಆದ ಗಾಯ' ಎಂದು ದಾಖಲಾದದ್ದು ಆ ಹುಡುಗನ ದೆಸೆಯಿಂದ. ಮುಂದೆ ಕಾರ್ಖಾನೆಯವರು ವರದಿ ಕಳುಹಿಸಲು ಮೀನಮೇಷ ಎಣಿಸಿದಾಗ ನಮ್ಮ ಕೈಯಲ್ಲಿದ್ದ ಆಧಾರ ಆ ಒಂದು ಸಾಲು ಮಾತ್ರ.

ಆ ಸಾಲು ಇಲ್ಲದೆ ಹೋಗಿದ್ದರೆ ಏನಾಗುತ್ತಿತ್ತು? ಗಾಯವು ಕೆಲಸದಲ್ಲಿ ಆದದ್ದಲ್ಲ ಎಂದಾದರೆ ಸಿಗುವುದು ಕಾಯಿಲೆಯ ಭತ್ಯೆ. ಅದು ಸರಾಸರಿ ಕೂಲಿಯ ಶೇ. 70 ಮಾತ್ರ, ವರ್ಷಕ್ಕೆ ಹೆಚ್ಚೆಂದರೆ 91 ದಿನ, ಅದಕ್ಕೂ ಆರು ತಿಂಗಳ ವಂತಿಗೆ ಅವಧಿಯೊಂದರಲ್ಲಿ ಕನಿಷ್ಠ 78 ದಿನಗಳ ವಂತಿಗೆ ಇರಬೇಕು. ತಮ್ಮನಿಗೆ ತಿಂಗಳಿಗೆ 18,000 ರೂಪಾಯಿ, ಅಂದರೆ ದಿನಕ್ಕೆ ಸರಾಸರಿ 600 ರೂಪಾಯಿ ಸಂಬಳವಿತ್ತು. ಗಾಯದ ಭತ್ಯೆಯ ಲೆಕ್ಕದಲ್ಲಿ ದಿನಕ್ಕೆ 540 ರೂಪಾಯಿ, ಕಾಯಿಲೆಯ ಲೆಕ್ಕದಲ್ಲಿ 420. ಅವನು ಮನೆಯಲ್ಲಿದ್ದ 74 ದಿನಗಳಿಗೆ ಮೊದಲನೆಯದು 39,960 ರೂಪಾಯಿ, ಎರಡನೆಯದು 31,080. ಈ 8,880 ರೂಪಾಯಿಯ ವ್ಯತ್ಯಾಸವನ್ನಾದರೂ ಹೇಗೋ ಸಹಿಸಬಹುದು. ಕೆಲಸದಲ್ಲಾದ ಗಾಯವೆಂದು ದಾಖಲಾಗದಿದ್ದರೆ ಜೀವನಪರ್ಯಂತ ಬರಬೇಕಾದ ಶಾಶ್ವತ ಅಂಗವೈಕಲ್ಯದ ಮಾಸಾಶನವೇ ಇಲ್ಲವಾಗುತ್ತದೆ. ನಷ್ಟದ ನಿಜವಾದ ಗಾತ್ರ ಅಲ್ಲಿದೆ.

ಇನ್ನೊಂದು ಬಲೆಯನ್ನು ಲೆಕ್ಕದವಳಾದ ನಾನೂ ಮೊದಲಿಗೆ ಗುರುತಿಸಲಿಲ್ಲ. ಕಾಂಟ್ರಾಕ್ಟರನ ಕಡೆಯವರು ಮೂರನೆಯ ದಿನ ಮನೆಗೇ ಬಂದು, ಹಣ್ಣು ಕೊಟ್ಟು, ಉಳಿದಿರುವ ರಜೆಯಲ್ಲಿ ಎಂಟು ದಿನ ಹೊಂದಿಸಿ ಪೂರ್ತಿ ಸಂಬಳ ಕೊಡುತ್ತೇವೆ ಎಂದರು. ಶೇ. 90ರ ಬದಲು ಪೂರ್ತಿ ನೂರು ಸಿಗುತ್ತದಲ್ಲ, ಒಳ್ಳೆಯದೇ ಎಂದು ಅಮ್ಮ ಸಂತೋಷಪಟ್ಟರು. ನಾನೂ ಒಂದು ರಾತ್ರಿ ಹಾಗೆಯೇ ಯೋಚಿಸಿದೆ. ಮಾರನೆಯ ಬೆಳಿಗ್ಗೆ 1948ರ ಇಎಸ್‌ಐ ಕಾಯ್ದೆಯನ್ನು ತೆಗೆದು ಓದಿದಾಗ 63ನೆಯ ಕಲಮು ಕಣ್ಣಿಗೆ ಬಿತ್ತು: ಸಂಬಳ ಸಹಿತ ರಜೆಯಲ್ಲಿರುವ ದಿನಗಳಿಗೆ ತಾತ್ಕಾಲಿಕ ಅಂಗವೈಕಲ್ಯ ಭತ್ಯೆ ಸಲ್ಲುವುದಿಲ್ಲ. ಆ ಎಂಟು ದಿನಗಳಿಗೆ ಅವನು ತನ್ನದೇ ರಜೆಯನ್ನು ಖರ್ಚು ಮಾಡುತ್ತಿದ್ದ, ಹಾಜರಿ ಪುಸ್ತಕದಲ್ಲಿ ಗಾಯದ ಸುಳಿವೇ ಇರದೆ ಸಾಮಾನ್ಯ ರಜೆ ಎಂದು ಬೀಳುತ್ತಿತ್ತು, ಅಪಘಾತದ ವರದಿ ಕಳುಹಿಸುವ ಅಗತ್ಯವೇ ಇರಲಿಲ್ಲವೇನೋ ಎಂಬಂತೆ ಕಾಣುತ್ತಿತ್ತು. ಬೇಡವೆಂದು ಬರೆದುಕೊಟ್ಟು, ವರದಿ ಕಳುಹಿಸಿ ಎಂದು ಅದೇ ಕಾಗದದಲ್ಲಿ ಕೇಳಿದೆವು. ಒಂದು ಪ್ರತಿಯನ್ನು ಶಾಖಾ ಕಚೇರಿಗೂ ಕೊಟ್ಟೆವು. ವರದಿ ಹೋಯಿತು.

ಅಲ್ಲಿಂದ ಮುಂದಿನದ್ದು ಸೇವೆಯ ಅತ್ಯುತ್ತಮ ಭಾಗ. ಚಿಕಿತ್ಸೆಗೆ ಒಂದು ರೂಪಾಯಿಯೂ ಕೇಳಲಿಲ್ಲ. ಡಿಸ್ಪೆನ್ಸರಿಯ ವೈದ್ಯರು ನಿಗದಿತ ಅವಧಿಗೊಮ್ಮೆ ನೋಡಿ ಪ್ರಮಾಣಪತ್ರ ಕೊಡುತ್ತಿದ್ದರು, ಅದನ್ನು ಅರ್ಜಿಯೊಂದಿಗೆ ಕೊಟ್ಟರೆ ಹಣ ನೇರವಾಗಿ ಬ್ಯಾಂಕ್ ಖಾತೆಗೆ ಬರುತ್ತಿತ್ತು. ಒಂದು ಎಚ್ಚರಿಕೆ ಮಾತ್ರ ಬೇಕು. ಪ್ರಮಾಣಪತ್ರಗಳ ನಡುವೆ ಒಂದು ದಿನವೂ ಖಾಲಿ ಬಿಡಬಾರದು. ಹಳೆಯದರ ಕೊನೆಯ ದಿನಕ್ಕೂ ಹೊಸದರ ಮೊದಲ ದಿನಕ್ಕೂ ಕೊಂಡಿ ಇರಬೇಕು. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ನಾನು ಕೆಂಪು ಶಾಯಿಯಲ್ಲಿ ಆ ದಿನಗಳನ್ನು ಸುತ್ತು ಹಾಕಿಟ್ಟಿದ್ದೆ.

ವೈದ್ಯಕೀಯ ಮಂಡಳಿಯ ದಿನ ನಾನೂ ಜೊತೆಗೆ ಹೋಗಿದ್ದೆ. ಗಾಯ ಮಾಯ್ದು ಅಂತಿಮ ಪ್ರಮಾಣಪತ್ರ ಬಂದ ಮೇಲೆ, ಉಳಿದುಕೊಂಡ ಊನದಿಂದ ದುಡಿಯುವ ಶಕ್ತಿ ಎಷ್ಟು ಕುಗ್ಗಿದೆ ಎಂದು ನಿರ್ಧರಿಸುವವರು ಈ ಮಂಡಳಿಯವರು. ಮೇಜಿನ ಮೇಲಿದ್ದ ಗುಂಡುಪಿನ್ನನ್ನು ಎತ್ತಿಕೊಡಲು ವೈದ್ಯರೊಬ್ಬರು ಹೇಳಿದರು. ನನ್ನ ತಮ್ಮ ತೋರುಬೆರಳನ್ನು ಚಾಚಿದ, ಅದು ಪಿನ್ನಿನವರೆಗೆ ತಲುಪಲೇ ಇಲ್ಲ. ಎರಡನೆಯ ಸಲ ಅವನ ಕೈ ತಾನಾಗಿಯೇ ನಡುಬೆರಳನ್ನು ಮುಂದೆ ಮಾಡಿ ಪಿನ್ನನ್ನು ಎತ್ತಿತು. ಎರಡು ತಿಂಗಳಲ್ಲಿ ಅವನ ಕೈ ಹೊಸ ರೂಢಿಯನ್ನು ಕಲಿತಿರುವುದನ್ನು ನಾನು ಗಮನಿಸಿಯೇ ಇರಲಿಲ್ಲ. ವೈದ್ಯರು ಗಮನಿಸಿ ಬರೆದುಕೊಂಡರು. ಕಾಯ್ದೆಯ ಎರಡನೆಯ ಅನುಸೂಚಿಯಲ್ಲಿ ಒಂದೊಂದು ಅಂಗಕ್ಕೂ ಒಂದೊಂದು ಪ್ರಮಾಣ ನಿಗದಿಯಾಗಿದೆ: ಹೆಬ್ಬೆರಳು ಪೂರ್ತಿ ಹೋದರೆ ಶೇ. 30, ತೋರುಬೆರಳು ಪೂರ್ತಿ ಹೋದರೆ ಶೇ. 14, ಅದರ ಒಂದು ಗೆಣ್ಣು ಹೋದರೆ ಶೇ. 9. ಹಾಗಾಗಿ 540 ರೂಪಾಯಿಯ ಶೇ. 9, ಅಂದರೆ ದಿನಕ್ಕೆ 48 ರೂಪಾಯಿ 60 ಪೈಸೆ, ತಿಂಗಳಿಗೆ ಸುಮಾರು 1,458 ರೂಪಾಯಿ ಅವನಿಗೆ ಜೀವನಪರ್ಯಂತ ಬರುತ್ತದೆ. ಅವನು ಬೇರೆ ಕೆಲಸ ಮಾಡುತ್ತಿದ್ದರೂ ಬರುತ್ತದೆ. ಮಂಡಳಿಯ ನಿರ್ಣಯ ಒಪ್ಪಿಗೆಯಾಗದಿದ್ದರೆ ವೈದ್ಯಕೀಯ ಮೇಲ್ಮನವಿ ನ್ಯಾಯಮಂಡಳಿಗೋ ನೌಕರರ ವಿಮಾ ನ್ಯಾಯಾಲಯಕ್ಕೋ ಹೋಗಬಹುದು. ನಮಗೆ ಅದರ ಅಗತ್ಯ ಬೀಳಲಿಲ್ಲ. ಒಂದು ಬೆರಳಿನ ಗೆಣ್ಣಿಗೆ 1,458 ರೂಪಾಯಿ ಸಾಕೇ ಎಂದು ಕೇಳಿದರೆ ನನ್ನಲ್ಲಿ ಉತ್ತರವಿಲ್ಲ. ಯಾರ ಮರ್ಜಿಯನ್ನೂ ಕಾಯದೆ, ಯಾರಿಗೂ ಕೈ ಮುಗಿಯದೆ ಬರುವ ಹಣ ಎಂಬುದಂತೂ ನಿಜ.

ಇಷ್ಟರ ನಡುವೆ, ಅವನು ಇನ್ನೂ ಭತ್ಯೆಯ ಮೇಲಿದ್ದಾಗಲೇ, ಕಾಂಟ್ರಾಕ್ಟರ್ ಫೋನ್ ಮಾಡಿ ರಾಜೀನಾಮೆ ಕೇಳಿದ್ದ. ಬೆರಳಿಲ್ಲದವನನ್ನು ಪ್ರೆಸ್ ಮೇಲೆ ನಿಲ್ಲಿಸಲಾಗದು, ಬರೆದುಕೊಟ್ಟರೆ ಹತ್ತು ಸಾವಿರ ಕೊಡುತ್ತೇನೆ, ನಿರುದ್ಯೋಗ ಭತ್ಯೆಯೂ ಸಿಗುತ್ತದೆ ಎಂದು ಆಸೆ ತೋರಿಸಿದ. "ಅಕ್ಕಾ, ಬರೆದುಕೊಟ್ಟುಬಿಡ್ಲಾ? ಹೇಗಿದ್ರೂ ಇಟ್ಕೊಳ್ಳಲ್ಲ ಅವ್ರು" ಎಂದು ತಮ್ಮ ಕೇಳಿದಾಗ ನನಗೆ ನಿಜಕ್ಕೂ ಗಾಬರಿಯಾಯಿತು. ಏಕೆಂದರೆ ಕಾಂಟ್ರಾಕ್ಟರ್ ಹೇಳಿದ್ದು ಸುಳ್ಳು. ತಾನಾಗಿ ಕೆಲಸ ಬಿಟ್ಟವನಿಗೆ ನಿರುದ್ಯೋಗ ಪರಿಹಾರ ಇಲ್ಲ. ಅದಕ್ಕಿಂತ ಮುಖ್ಯವಾಗಿ, ತಾತ್ಕಾಲಿಕ ಅಂಗವೈಕಲ್ಯದ ಭತ್ಯೆ ಪಡೆಯುತ್ತಿರುವ ಅವಧಿಯಲ್ಲಿ ನೌಕರನನ್ನು ತೆಗೆದುಹಾಕುವುದನ್ನೇ ಕಾಯ್ದೆಯ 73ನೆಯ ಕಲಮು ನಿಷೇಧಿಸುತ್ತದೆ. ಆ ಅವಧಿಯಲ್ಲಿ ಕೊಟ್ಟ ವಜಾ ನೋಟಿಸಿಗೆ ಬೆಲೆಯೇ ಇಲ್ಲ. ಮಾಲೀಕನು ತೆಗೆಯಲಾರದ ಕಾಲದಲ್ಲಿ ನೌಕರನೇ ಹೋಗುತ್ತೇನೆಂದು ಬರೆದುಕೊಟ್ಟರೆ ಯಾವ ಕಲಮೂ ಕಾಪಾಡುವುದಿಲ್ಲ. ಈ ಬರಹವನ್ನು ಓದುತ್ತಿರುವವರ ಮನೆಯಲ್ಲಿ ಯಾರಾದರೂ ಕಟ್ಟು ಹಾಕಿದ ಕೈಯಲ್ಲಿ ಕುಳಿತಿದ್ದರೆ, ದಯವಿಟ್ಟು ಆ ಕಾಗದಕ್ಕೆ ಸಹಿ ಹಾಕಲು ಬಿಡಬೇಡಿ. ಮೊದಲು ಗಾಯದ ಪರಿಹಾರವನ್ನು ಕೊನೆಯ ದಿನದವರೆಗೆ ಪಡೆಯಲಿ, ವೈದ್ಯಕೀಯ ಮಂಡಳಿಗೆ ಅರ್ಜಿ ಹೋಗಲಿ, ಆಮೇಲೆ ಕೆಲಸದ ಮಾತು.

ತಮ್ಮ ಡಿಸೆಂಬರಿನಲ್ಲಿ ಕೆಲಸಕ್ಕೆ ಮರಳಿದ. ಪ್ಯಾಕಿಂಗ್ ವಿಭಾಗಕ್ಕೆ ಹಾಕಿದರು. 2023ರ ಜೂನಿನಲ್ಲಿ ಕಾಂಟ್ರಾಕ್ಟ್ ಮುಗಿಯಿತೆಂದು ಅವನನ್ನೂ ಸೇರಿಸಿ ಕೆಲವರನ್ನು ಬಿಟ್ಟರು. ಈಗ ಎರಡನೆಯ ಸೌಲಭ್ಯದ ಸರದಿ.

ಇಎಸ್‌ಐ ಅಡಿಯಲ್ಲಿ ನಿರುದ್ಯೋಗಕ್ಕೆ ಎರಡು ಯೋಜನೆಗಳಿವೆ. 2005ರ ಏಪ್ರಿಲಿನಲ್ಲಿ ಬಂದ ರಾಜೀವ್ ಗಾಂಧಿ ಶ್ರಮಿಕ್ ಕಲ್ಯಾಣ್ ಯೋಜನೆಯು ಕಾರ್ಖಾನೆ ಮುಚ್ಚಿದಾಗ ಅಥವಾ ಕಾನೂನುಬದ್ಧವಾಗಿ ನೌಕರರ ಕಡಿತವಾದಾಗ ಅನ್ವಯವಾಗುತ್ತದೆ. ಮೊದಲ ವರ್ಷ ಕೂಲಿಯ ಶೇ. 50, ಎರಡನೆಯ ವರ್ಷ ಶೇ. 25 ಸಿಗುತ್ತದೆ. ಶೇ. 40ಕ್ಕಿಂತ ಕಡಿಮೆಯಿಲ್ಲದ ಶಾಶ್ವತ ಅಂಗವೈಕಲ್ಯದಿಂದ ಕೆಲಸ ಹೋದವರಿಗೂ ಅದು ಇದೆ, ಆದರೆ ಆ ಅಂಗವೈಕಲ್ಯವು ಕೆಲಸದ ಹೊರಗಿನ ಗಾಯದಿಂದ ಬಂದಿರಬೇಕು. ಕೆಲಸದಲ್ಲಾದ ಗಾಯಕ್ಕೆ ಮಾಸಾಶನ ಇದ್ದೇ ಇದೆಯಲ್ಲ ಎಂಬ ತರ್ಕ ಇಲ್ಲಿರುವಂತೆ ಕಾಣುತ್ತದೆ. ಎರಡನೆಯದು 2018ರ ಜುಲೈ 1ರಿಂದ ಬಂದ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ್ ಯೋಜನೆ. ಕಾಂಟ್ರಾಕ್ಟ್ ಮುಗಿದು ಹೊರಬಿದ್ದ ತಮ್ಮನಂಥವರಿಗೆ ಉಳಿದಿರುವುದು ಇದೊಂದೇ. ಆರಂಭದಲ್ಲಿ ಸರಾಸರಿ ಗಳಿಕೆಯ ಶೇ. 25 ಇದ್ದುದನ್ನು 2020ರಲ್ಲಿ, ಕೊರೊನಾ ಕಾಲದಲ್ಲಿ, ಶೇ. 50ಕ್ಕೆ ಏರಿಸಿದರು, ಕಾಯುವ ಅವಧಿಯನ್ನು 90 ದಿನಗಳಿಂದ 30ಕ್ಕೆ ಇಳಿಸಿದರು, ಮಾಲೀಕರ ಮೂಲಕ ಹೋಗದೆ ನೌಕರನೇ ನೇರವಾಗಿ ಅರ್ಜಿ ಸಲ್ಲಿಸಲು ಅವಕಾಶ ಕೊಟ್ಟರು. ಈ ಕೊನೆಯ ಬದಲಾವಣೆಯನ್ನು ಎಷ್ಟು ಹೊಗಳಿದರೂ ಸಾಲದು. ಮೊದಲಿದ್ದ ನಿಯಮವೇ ಇದ್ದಿದ್ದರೆ, ರಾಜೀನಾಮೆ ಕೊಡದ ಸಿಟ್ಟಿನಲ್ಲಿದ್ದ ಕಾಂಟ್ರಾಕ್ಟರನ ಸಹಿಗಾಗಿ ನಾವು ಅವನ ಬಾಗಿಲು ಕಾಯಬೇಕಿತ್ತು.

ತಕರಾರು ಇರುವುದು ಮೊತ್ತದ ವಿಷಯದಲ್ಲಿ. ಈ ಪರಿಹಾರ ಹೆಚ್ಚೆಂದರೆ 90 ದಿನ, ಅದೂ ಜೀವಮಾನದಲ್ಲಿ ಒಂದೇ ಸಲ. ಮೇಲಾಗಿ ಸರಾಸರಿಯನ್ನು ಲೆಕ್ಕ ಹಾಕುವ ಕ್ರಮ ಗಾಯಗೊಂಡವನಿಗೆ ಪ್ರತಿಕೂಲವಾಗಿದೆ. ಹಿಂದಿನ ನಾಲ್ಕು ವಂತಿಗೆ ಅವಧಿಗಳ, ಅಂದರೆ ಎರಡು ವರ್ಷಗಳ ಒಟ್ಟು ಗಳಿಕೆಯನ್ನು 730ರಿಂದ ಭಾಗಿಸುತ್ತಾರೆ. ಲೆಕ್ಕ ಸುಲಭವಾಗಲೆಂದು ತಮ್ಮನ ಸಂಬಳ ಆ ಎರಡು ವರ್ಷವೂ 18,000 ರೂಪಾಯಿಯೇ ಇತ್ತೆಂದು ಇಟ್ಟುಕೊಳ್ಳೋಣ. ಗಾಯವಾಗದೆ ದುಡಿದಿದ್ದರೆ ಒಟ್ಟು 4,32,000 ರೂಪಾಯಿ, 90 ದಿನಗಳ ಪರಿಹಾರ ಸುಮಾರು 26,600 ರೂಪಾಯಿ. ಆದರೆ ಹಾಸಿಗೆಯಲ್ಲಿದ್ದ 74 ದಿನಗಳಿಗೆ ಅವನಿಗೆ ಸಂಬಳವಿಲ್ಲ, ಭತ್ಯೆ ಮಾತ್ರ, ಭತ್ಯೆಯು ಗಳಿಕೆಯಲ್ಲ. ಹಾಗಾಗಿ ಮೇಲಿನ ಮೊತ್ತದಿಂದ 44,400 ರೂಪಾಯಿ ಕಳೆಯುತ್ತದೆ, ಕೆಳಗಿನ 730 ಮಾತ್ರ ಕದಲುವುದಿಲ್ಲ. ಪರಿಹಾರ ಸುಮಾರು 23,900ಕ್ಕೆ ಇಳಿಯುತ್ತದೆ. ಕೆಲಸ ಮಾಡುವಾಗ ಬೆರಳು ಕಳೆದುಕೊಂಡ ಕಾರಣಕ್ಕೇ, ಒಂಬತ್ತು ತಿಂಗಳ ನಂತರ ಕೆಲಸ ಕಳೆದುಕೊಂಡಾಗಲೂ ಅವನಿಗೆ 2,700 ರೂಪಾಯಿ ಕಡಿಮೆ. ಈ ಲೆಕ್ಕವನ್ನು ನಾನು ಮೂರು ಸಲ ಮಾಡಿ ನೋಡಿದೆ, ಮೂರು ಸಲವೂ ಮನಸ್ಸು ಕುದಿಯಿತು. ಗಾಯದ ಭತ್ಯೆಯ ಮೇಲಿದ್ದ ದಿನಗಳನ್ನು 730ರಿಂದ ಕಳೆಯಬೇಕೆಂಬ ಒಂದು ಸಾಲಿನ ತಿದ್ದುಪಡಿ ಬಂದರೆ ಈ ಅನ್ಯಾಯ ನೀಗುತ್ತದೆ.

ನ್ಯಾಯವಾಗಿರುವುದನ್ನೂ ಹೇಳಬೇಕು. ನಿರುದ್ಯೋಗ ಪರಿಹಾರದ ಜೊತೆಗೆ ಅದೇ ದಿನಗಳಿಗೆ ಬೇರೆ ನಗದು ಭತ್ಯೆ ಪಡೆಯುವಂತಿಲ್ಲವಾದರೂ, ಶಾಶ್ವತ ಅಂಗವೈಕಲ್ಯದ ಮಾಸಾಶನ ನಿಲ್ಲುವುದಿಲ್ಲ ಎಂದು ಯೋಜನೆಯಲ್ಲೇ ಸ್ಪಷ್ಟವಾಗಿದೆ. ಆ ಮೂರು ತಿಂಗಳು ತಮ್ಮನಿಗೆ ಎರಡೂ ಬಂದವು. ಆ ಅವಧಿಯಲ್ಲಿ ಚಿಕಿತ್ಸೆಯ ಸೌಲಭ್ಯವೂ ಉಳಿದಿತ್ತು. ವೈದ್ಯಕೀಯ ಮಂಡಳಿಗೆ ಹೋಗದೆ, ಗಾಯ ಮಾಯಿತಲ್ಲ ಎಂದು ಸುಮ್ಮನಾಗಿದ್ದರೆ ಈ ಆಸರೆಯೂ ಇರುತ್ತಿರಲಿಲ್ಲ.

ಇಎಸ್‌ಐ ವ್ಯಾಪ್ತಿಗೆ ಸೇರದವರ ಪಾಡು ಬೇರೆ. ತಿಂಗಳಿಗೆ 21,000 ರೂಪಾಯಿ ಮೀರಿ ಸಂಬಳವಿರುವ ಕಾರ್ಮಿಕರಿಗೆ 1923ರ ನೌಕರರ ಪರಿಹಾರ ಕಾಯ್ದೆ ದಿಕ್ಕಾಗಿತ್ತು. ಅದರಲ್ಲಿ ತಾತ್ಕಾಲಿಕ ಅಂಗವೈಕಲ್ಯಕ್ಕೆ ಅರ್ಧ ತಿಂಗಳಿಗೊಮ್ಮೆ ತಿಂಗಳ ಸಂಬಳದ ಶೇ. 25 ಕೊಡಬೇಕು, ಅಂದರೆ ಒಟ್ಟಾರೆ ಅರ್ಧ ಸಂಬಳ. ಲೆಕ್ಕಕ್ಕೆ ಹಿಡಿಯುವ ಸಂಬಳದ ಮಿತಿ 2020ರ ಜನವರಿಯಿಂದ 15,000 ರೂಪಾಯಿ. ಕೊಡಬೇಕಾದವನು ಮಾಲೀಕನೇ ಆದ್ದರಿಂದ, ಅವನು ಕೊಡದಿದ್ದರೆ ಆಯುಕ್ತರ ಮುಂದೆ ದಾವೆ ಹೂಡಬೇಕು. ನಿರುದ್ಯೋಗದ ಮಾತಂತೂ ಆ ಕಾಯ್ದೆಯಲ್ಲಿ ಇಲ್ಲವೇ ಇಲ್ಲ. ಇವೆರಡೂ ಕಾಯ್ದೆಗಳು ಈಗ 2020ರ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿವೆ, ಸಂಹಿತೆಯು 2025ರ ನವೆಂಬರ್ 21ರಂದು ಜಾರಿಗೆ ಬಂದಿದೆ. ನಾನಿಲ್ಲಿ ಹೇಳಿದ ಕಲಮುಗಳ ಸಂಖ್ಯೆ ತಮ್ಮನ ಪ್ರಕರಣ ನಡೆದ ಕಾಲದ 1948ರ ಕಾಯ್ದೆಯದು.

ಹೀಗಾಗಿ ನನ್ನ ತೀರ್ಮಾನ ಎರಡು ಬಗೆಯದು. ಗಾಯದ ಪರಿಹಾರದ ಸೇವೆಗೆ ನಾನು ಐದರಲ್ಲಿ ನಾಲ್ಕೂವರೆ ಅಂಕ ಕೊಡುತ್ತೇನೆ. ಕಳೆದ ಅರ್ಧ ಅಂಕ, ಅಪಘಾತದ ವರದಿಯ ಬೀಗದ ಕೈಯನ್ನು ಮಾಲೀಕರ ಬಳಿಯೇ ಬಿಟ್ಟದ್ದಕ್ಕೆ. ನಿರುದ್ಯೋಗದ ಪರಿಹಾರಕ್ಕೆ ಎರಡು ಅಂಕ, ಅದರಲ್ಲಿ ಒಂದು ಪೂರ್ತಿಯಾಗಿ ನೇರ ಅರ್ಜಿಯ ಅನುಕೂಲಕ್ಕೆ ಸೇರಬೇಕು.

ತಮ್ಮ ಈಗ ಇನ್ನೊಂದು ಕಡೆ ಗುಣಮಟ್ಟ ಪರೀಕ್ಷೆಯ ವಿಭಾಗದಲ್ಲಿದ್ದಾನೆ, ಅಳತೆಯ ಕ್ಯಾಲಿಪರ್ ಅನ್ನು ನಡುಬೆರಳು ಹೆಬ್ಬೆರಳುಗಳಲ್ಲಿ ಹಿಡಿಯುತ್ತಾನೆ. ಅವನಿಗೆ 31 ವರ್ಷ. ಜೀವಮಾನಕ್ಕೆ ಕೊಟ್ಟ 90 ದಿನಗಳು ಮುಗಿದುಹೋಗಿವೆ, ಇನ್ನೂ ಕಾಲು ಶತಮಾನಕ್ಕೂ ಮಿಕ್ಕಿ ಅವನು ದುಡಿಯಬೇಕಾಗಿದೆ. ಪ್ರತಿ ತಿಂಗಳ ಸಂಬಳದ ಚೀಟಿಯಲ್ಲಿ ಶೇ. 0.75 ಕಡಿತವಾಗುವುದು ಮುಂದುವರಿದಿದೆ.